ನಿನ್ನೆ ಓಡುತ್ತಿದ್ದ ನಾಯಿಮರಿ ಇಂದು ಕುಂಟುವುದೇಕೆ?

ಬೆಳಿಗ್ಗೆ ಎಲ್ಲರ ಕಾಲಿಗೆ ಸುತ್ತಿಕೊಂಡು ಓಡಾಡುತ್ತಿದ್ದ ನಾಯಿಮರಿ ಸಂಜೆ ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತಿರುತ್ತದೆ. ಕಾಲೇಜಿನ ಸೈಕಲ್ ಸ್ಟ್ಯಾಂಡ್, ಕ್ಯಾಂಟೀನಿನ ಹಿಂಭಾಗ, ಮಟನ್ ಅಂಗಡಿಯ ಮುಂದೆ ಇಂಥ ಮರಿಯನ್ನು ನಾವೆಲ್ಲರೂ ನೋಡಿದ್ದೇವೆ. ಆಗ ಸುತ್ತ ನಿಂತವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. "ನಾಯಿಗೆ ಏನಾಗುತ್ತೆ ಬಿಡು, ನೆಕ್ಕಿಕೊಂಡು ತಾನೇ ವಾಸಿ ಮಾಡಿಕೊಳ್ಳುತ್ತೆ" ಎನ್ನುವುದು ಒಂದು. "ಅರ್ಧ ಡೋಲೊ ಪುಡಿ ಮಾಡಿ ಹಾಲಿಗೆ ಹಾಕಿ ಕುಡಿಸು" ಎನ್ನುವುದು ಇನ್ನೊಂದು. ಎರಡನೆಯ ಮಾತು ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಸುಮ್ಮನಿರುವವರಿಗಿಂತ ಹೆಚ್ಚು ಅಪಾಯ ಮಾಡುವವರು ಇವರೇ. ಆದ್ದರಿಂದ ಕುಂಟುವುದರ ಕಾರಣಗಳಿಗೆ ಹೋಗುವ ಮೊದಲು ಮಾತ್ರೆಯ ವಿಷಯ ಮುಗಿಸಿಬಿಡುತ್ತೇನೆ.

ಕಾಮರ್ಸ್‌ನವರಿಗೆ ಔಷಧದ ಉಸಾಬರಿ ಏಕೆ ಎಂದು ಸೈನ್ಸ್ ವಿಭಾಗದವರು ಕೇಳಬಹುದು. ಇದು ಬರೀ ಲೆಕ್ಕ. ಡೋಲೊ 650ರ ಒಂದು ಮಾತ್ರೆಯಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. 65 ಕಿಲೋ ತೂಕದ ಮನುಷ್ಯ ಅದನ್ನು ನುಂಗಿದರೆ ಕಿಲೋಗೆ 10 ಮಿಲಿಗ್ರಾಂ ಆಯಿತು. ನಮ್ಮ ನಾಯಿಮರಿಯ ತೂಕ 3 ಕಿಲೋ ಎಂದು ಇಟ್ಟುಕೊಳ್ಳಿ. ಅರ್ಧ ಮಾತ್ರೆ ಎಂದರೆ 325 ಮಿಲಿಗ್ರಾಂ. ಮೂರರಿಂದ ಭಾಗಿಸಿದರೆ ಕಿಲೋಗೆ 108 ಮಿಲಿಗ್ರಾಂ! "ಅರ್ಧ ತಾನೇ" ಎಂದು ಕೊಟ್ಟದ್ದು ಮನುಷ್ಯನ ಪ್ರಮಾಣದ ಹತ್ತು ಪಟ್ಟಿಗಿಂತ ಹೆಚ್ಚಾಯಿತು. ಅಷ್ಟು ಪ್ಯಾರಾಸಿಟಮಾಲ್ ನಾಯಿಯ ಯಕೃತ್ತನ್ನು ಹಾಳು ಮಾಡಬಲ್ಲದು, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೂ ತಗ್ಗಿಸಬಲ್ಲದು. ಬ್ರೂಫೆನ್, ಕಾಂಬಿಫ್ಲಾಮ್ ಕೂಡ ಬೇಡ. ಅವುಗಳಲ್ಲಿರುವ ಐಬುಪ್ರೊಫೆನ್ ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಒಂದು ಜೀವಿಗೆ ಔಷಧವಾದದ್ದು ಇನ್ನೊಂದಕ್ಕೆ ವಿಷವಾಗುವುದು ಹೊಸ ಸಂಗತಿಯೇನಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಅವುಗಳ ಸತ್ತ ದೇಹ ತಿಂದ ರಣಹದ್ದುಗಳನ್ನು ರಾಶಿ ರಾಶಿಯಾಗಿ ಕೊಂದಿತು. 2006ರಲ್ಲಿ ನಮ್ಮ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ನಾಯಿಗಳಿಗೆಂದೇ ಬೇರೆ ನೋವಿನ ಔಷಧಗಳಿವೆ, ಅವನ್ನು ತೂಕ ನೋಡಿ ಪಶುವೈದ್ಯರೇ ಕೊಡಬೇಕು.

ಇನ್ನು ಮುಟ್ಟುವ ವಿಷಯ. ನಮ್ಮಲ್ಲಿ ಹಲವರು ನಾಯಿಯ ಹತ್ತಿರ ಹೋಗಲು ಹಿಂಜರಿಯುತ್ತಾರೆ. ವುಜೂ ಹೋಗುತ್ತದೆ, ಬಟ್ಟೆ ನಾಪಾಕ್ ಆಗುತ್ತದೆ ಎಂಬ ಮಾತು ನಮ್ಮ ಮನೆಯಲ್ಲೂ ಇದೆ. ಜೊಲ್ಲು ತಾಗಿದ ಜಾಗವನ್ನು ತೊಳೆದುಕೊಳ್ಳಬೇಕು ಎನ್ನುವುದು ಸರಿ. ಆದರೆ ತೊಳೆದರೆ ಹೋಗುವಂಥದ್ದಕ್ಕೆ ಹೆದರಿ ನೋವಿನಲ್ಲಿರುವ ಪ್ರಾಣಿಯನ್ನು ಬಿಟ್ಟು ಹೋಗಬೇಕೆಂದು ಯಾರೂ ಹೇಳಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದವನನ್ನು ಅಲ್ಲಾಹ್ ಕ್ಷಮಿಸಿದ ಎಂಬ ಹದೀಸ್ ಬುಖಾರಿಯಲ್ಲಿಯೇ ಇದೆ, ಮದರಸಾಕ್ಕೆ ಹೋದ ಚಿಕ್ಕ ಮಕ್ಕಳಿಗೂ ಅದು ಗೊತ್ತು. ಕೈಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಹಳೆಯ ಟವೆಲ್ ಅಥವಾ ಗೋಣಿಚೀಲದಿಂದ ಮರಿಯನ್ನು ಹಿಡಿದರೆ ಹಿಂಜರಿಕೆಗೂ ಪರಿಹಾರ ಸಿಕ್ಕಿತು, ಪರಚುವಿಕೆಯಿಂದಲೂ ರಕ್ಷಣೆ ಆಯಿತು. ಹಿಡಿಯುವ ಮೊದಲು ತಾಯಿ ನಾಯಿ ಎಲ್ಲಿದೆ ಎಂದು ಒಮ್ಮೆ ಸುತ್ತ ನೋಡಿಕೊಳ್ಳಿ.

ತಕ್ಷಣ ಹಿಡಿಯುವುದಕ್ಕಿಂತ ಎರಡು ನಿಮಿಷ ದೂರದಿಂದ ನಡಿಗೆಯನ್ನು ನೋಡುವುದು ಒಳ್ಳೆಯದು. ಯಾವ ಕಾಲು ನೋಯುತ್ತಿದೆ ಎಂಬುದು ನಾವು ಅಂದುಕೊಂಡಷ್ಟು ಸುಲಭವಾಗಿ ತಿಳಿಯುವುದಿಲ್ಲ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ಮರಿ ತಲೆಯನ್ನು ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ಹಿಂಗಾಲಿನ ನೋವಿಗೆ ಸೊಂಟ ಒಂದು ಕಡೆ ಎಗರಿದಂತೆ ಕಾಣುತ್ತದೆ. ಇದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಹೊಸ ಜಾಗದಲ್ಲಿ ಹೆದರಿದ ಮರಿ ಎಷ್ಟೋ ಸಲ ಕುಂಟುವುದನ್ನೇ ಮರೆತು ನಡೆಯುತ್ತದೆ, ಇಲ್ಲವೇ ಒಂದು ಹೆಜ್ಜೆಯನ್ನೂ ಇಡದೆ ಕುಳಿತುಬಿಡುತ್ತದೆ. ಆಗ ಆ ವಿಡಿಯೋ ಕೆಲಸಕ್ಕೆ ಬರುತ್ತದೆ.

ಆಮೇಲೆ ಪಾದ. ಅತಿ ಸಾಮಾನ್ಯ ಕಾರಣಗಳು ಇರುವುದು ಇಲ್ಲಿಯೇ. ಜಾಲಿ ಮುಳ್ಳು, ನೆಗ್ಗಿಲು ಮುಳ್ಳು, ಗಾಜಿನ ಚೂರು, ಕಿತ್ತುಹೋದ ಉಗುರು. ಏಪ್ರಿಲ್ ಮೇ ತಿಂಗಳಲ್ಲಿ ಕಾದ ಡಾಂಬರು ರಸ್ತೆಯಿಂದ ಸುಟ್ಟ ಅಂಗಾಲು. ಬೆರಳುಗಳ ಸಂದಿಯಲ್ಲಿ ಕಚ್ಚಿಕೊಂಡ ಉಣುಗು, ಅದನ್ನು ಕೆಲವರು ಉಣ್ಣೆ ಎನ್ನುತ್ತಾರೆ. ಮಕ್ಕಳು ಆಟಕ್ಕೆ ಹಾಕಿದ ರಬ್ಬರ್ ಬ್ಯಾಂಡ್ ಅಥವಾ ಗಾಳಿಪಟದ ದಾರ ಕೂದಲಿನೊಳಗೆ ಕಾಣದಂತೆ ಬಿಗಿದುಕೊಂಡಿರುವುದೂ ಉಂಟು. ದಾರ ಬಿಗಿದರೆ ಅದರ ಕೆಳಗಿನ ಭಾಗಕ್ಕೆ ರಕ್ತ ಹೋಗದೆ ಪಾದವೇ ಕೊಳೆಯಬಹುದು. ಮೇಲೆ ಕಾಣುವ ಮುಳ್ಳನ್ನು ತೆಗೆದು, ಉಗುರುಬೆಚ್ಚಗಿನ ನೀರಿನಿಂದ ತೊಳೆದರೆ ಅರ್ಧ ದಿನದಲ್ಲಿ ಮರಿ ಮತ್ತೆ ಓಡುತ್ತದೆ. ಆಳಕ್ಕೆ ಹೋದ ಗಾಜನ್ನು ಮಾತ್ರ ನಾವು ಕೆದಕಬಾರದು.

ಪಾದದಲ್ಲಿ ಏನೂ ಸಿಗದಿದ್ದರೆ ವಿಷಯ ಗಂಭೀರ. ನಾಯಿಮರಿ ಎಂದರೆ ಸಣ್ಣ ಗಾತ್ರದ ದೊಡ್ಡ ನಾಯಿ ಅಲ್ಲ. ಅದರ ಉದ್ದ ಮೂಳೆಗಳ ತುದಿಯಲ್ಲಿ ಗ್ರೋಥ್ ಪ್ಲೇಟ್ ಎಂಬ ತೆಳುವಾದ ಪದರವಿರುತ್ತದೆ. ಅದು ಇನ್ನೂ ಮೃದ್ವಸ್ಥಿ, ಗಟ್ಟಿ ಮೂಳೆ ಆಗಿರುವುದಿಲ್ಲ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಸಣ್ಣ ಜಾತಿಯ ನಾಯಿಗಳಲ್ಲಿ ಸುಮಾರು ಒಂದು ವರ್ಷದೊಳಗೆ, ದೊಡ್ಡ ಜಾತಿಗಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಇಡೀ ಕಾಲಿನಲ್ಲಿ ಅತಿ ದುರ್ಬಲ ಜಾಗ ಅದೇ. ದೊಡ್ಡ ನಾಯಿಗೆ ಉಳುಕಿನಲ್ಲಿ ಮುಗಿಯುವ ಪೆಟ್ಟು ಮರಿಗೆ ಬಿದ್ದರೆ ಕೀಲಿನ ಅಸ್ಥಿರಜ್ಜು ಹಾಗೆಯೇ ಉಳಿದು, ಪಕ್ಕದ ಗ್ರೋಥ್ ಪ್ಲೇಟ್ ಬಿರುಕು ಬಿಡುತ್ತದೆ. ಇದಕ್ಕೆ ಲಾರಿಯೇ ಹತ್ತಬೇಕಿಲ್ಲ. ಮಕ್ಕಳ ಕೈಯಿಂದ ಜಾರಿ ಬೀಳುವುದು, ಮೆಟ್ಟಿಲಿನಿಂದ ಉರುಳುವುದು, ನೆರಳಿಗೆಂದು ಆಟೋದ ಕೆಳಗೆ ಮಲಗಿದ್ದಾಗ ಚಕ್ರ ಸ್ವಲ್ಪ ತಾಗುವುದು ಸಾಕು.

ಇಲ್ಲಿ ದಿನಗಳ ಲೆಕ್ಕ ಮುಖ್ಯ. ಎಳೆಯ ಮರಿಯ ಮೂಳೆ ಬಹಳ ಬೇಗ ಕೂಡಿಕೊಳ್ಳುತ್ತದೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರ ಸಾಕು. ಕೇಳಲು ಒಳ್ಳೆಯ ಸುದ್ದಿ. ಆದರೆ ಸೊಟ್ಟಗೆ ಇದ್ದರೆ ಸೊಟ್ಟಗೇ ಕೂಡಿಕೊಳ್ಳುತ್ತದೆ, ಅದೂ ಅಷ್ಟೇ ಬೇಗ. "ಒಂದು ವಾರ ನೋಡೋಣ" ಎಂದು ಕಾದರೆ ಸರಿಪಡಿಸುವ ಸಮಯವೇ ದಾಟಿಹೋಗಬಹುದು. ಮುಂಗಾಲಿನಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿ ಎರಡು ಮೂಳೆಗಳು ಅಕ್ಕಪಕ್ಕದಲ್ಲಿ ಒಂದೇ ವೇಗದಲ್ಲಿ ಬೆಳೆಯಬೇಕು. ಪೆಟ್ಟಿನಿಂದ ಒಂದರ ಗ್ರೋಥ್ ಪ್ಲೇಟ್ ಬೇಗ ಮುಚ್ಚಿದರೆ ಆ ಮೂಳೆ ಅಲ್ಲಿಗೇ ನಿಲ್ಲುತ್ತದೆ, ಇನ್ನೊಂದು ಬೆಳೆಯುತ್ತಲೇ ಹೋಗುತ್ತದೆ. ನಿಂತ ಮೂಳೆ ಬಿಲ್ಲಿನ ಹಗ್ಗದಂತೆ ಎಳೆದು, ಬೆಳೆಯುವ ಮೂಳೆ ಬಿಲ್ಲಿನಂತೆ ಬಾಗುತ್ತದೆ. ಬೀದಿಯಲ್ಲಿ ಮುಂಗಾಲು ಹೊರಕ್ಕೆ ತಿರುಗಿದ ದೊಡ್ಡ ನಾಯಿಗಳನ್ನು ನೋಡಿ ಹುಟ್ಟಿನಿಂದಲೇ ಹಾಗೆ ಎಂದುಕೊಳ್ಳುತ್ತೇವೆ. ಕೆಲವಕ್ಕೆ ಮರಿಯಾಗಿದ್ದಾಗ ಬಿದ್ದ ಪೆಟ್ಟು ಕಾರಣವಾಗಿರುತ್ತದೆ.

ಮಟನ್ ಅಂಗಡಿಯ ಮುಂದೆ ಬೆಳೆಯುವ ಮರಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವು ದುಂಡಗೆ, ಹೊಟ್ಟೆ ತುಂಬಿದಂತೆ ಕಾಣುತ್ತವೆ. ದಿನವೂ ಮಾಂಸ ಸಿಗುವುದರಿಂದ ಗಟ್ಟಿಮುಟ್ಟಾಗಿರುತ್ತವೆ ಎಂದು ನಮ್ಮ ನಂಬಿಕೆ. ವಾಸ್ತವದಲ್ಲಿ ಮೂಳೆ ಇಲ್ಲದ ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಅದರ ಹತ್ತು ಪಟ್ಟಿಗೂ ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟಕ್ಕಿಂತ ಕಡಿಮೆಯಾಗಲು ದೇಹ ಬಿಡುವುದಿಲ್ಲ. ಊಟದಲ್ಲಿ ಸಿಗದಿದ್ದರೆ ಮೂಳೆಯಿಂದ ತೆಗೆಯುತ್ತದೆ. ಆದಾಯವಿಲ್ಲದವರು ಎಫ್‌ಡಿ ಮುರಿದು ಮನೆ ನಡೆಸಿದ ಹಾಗೆ. ಹೊರಗಿನಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ, ಒಳಗೆ ಮೂಳೆ ತೆಳುವಾಗುತ್ತಾ ಹೋಗುತ್ತದೆ. ಕೊನೆಗೊಂದು ದಿನ ಮರಿ ಕಟ್ಟೆಯಿಂದ ಸುಮ್ಮನೆ ಕೆಳಗೆ ಹಾರಿದಾಗ ಕಾಲು ಮುರಿಯುತ್ತದೆ. ಕುಂಟು ದಿಢೀರ್ ಆಗಿ ಕಂಡರೂ ಅದರ ಕಾರಣ ತಿಂಗಳಿನಿಂದ ನಡೆಯುತ್ತಿತ್ತು. ಬರೀ ಅನ್ನ ಮತ್ತು ಮಾಂಸದ ಸಾರು ತಿನ್ನುವ ಮನೆಯ ಮರಿಗಳಿಗೂ ಹೀಗಾಗಬಹುದು. ಹಾಗೆಂದು ಬೇಯಿಸಿದ ಮೂಳೆ ಹಾಕಬೇಡಿ. ಬಿರಿಯಾನಿಯ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಬಕ್ರೀದ್ ಮರುದಿನ ನಾವೆಲ್ಲ ಮಾಡುವ ಕೆಲಸ ಇದು, ಅದಕ್ಕೇ ಬರೆದೆ. ಇನ್ನೊಂದು ಕಡೆ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿ ತಂದವರು ಕೇಳದೆಯೇ ಕ್ಯಾಲ್ಸಿಯಂ ಸಿರಪ್ ಸುರಿಯುತ್ತಾರೆ. ಎಳೆಯ ಮರಿಯ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆಂದು ತಡೆಯಲು ಬರುವುದಿಲ್ಲ, ಅದರಿಂದಲೂ ಮೂಳೆ ಮತ್ತು ಕೀಲು ಕೆಡುತ್ತವೆ.

ಜಾತಿ ನಾಯಿಗಳಿಗೆ ಅವುಗಳದೇ ಕೆಲವು ತೊಂದರೆಗಳಿವೆ. ಪಾಮೇರಿಯನ್‌ನಂಥ ಸಣ್ಣ ನಾಯಿಗಳಲ್ಲಿ ಮೊಣಕಾಲಿನ ಚಿಪ್ಪು ಜಾರಿ, ನಾಲ್ಕು ಹೆಜ್ಜೆ ಕುಂಟಿ ಮತ್ತೆ ಏನೂ ಆಗದಂತೆ ನಡೆಯುತ್ತವೆ. ಜರ್ಮನ್ ಶೆಫರ್ಡ್ ಮರಿಗಳಲ್ಲಿ ಐದಾರು ತಿಂಗಳ ನಂತರ ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು ಕಾಲು ಎಂದು ಕುಂಟು ಜಾಗ ಬದಲಿಸಿದರೆ ಅದು ಪ್ಯಾನ್‌ಆಸ್ಟಿಯೈಟಿಸ್ ಇರಬಹುದು. ನೋವು ಹೆಚ್ಚು, ಆದರೆ ಬೆಳೆದಂತೆ ತಾನಾಗಿ ಹೋಗುತ್ತದೆ. ಎರಡು ಹಿಂಗಾಲುಗಳನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಓಡುವ ದೊಡ್ಡ ಜಾತಿಯ ಮರಿಯ ಸೊಂಟದ ಕೀಲನ್ನು ಪರೀಕ್ಷಿಸಬೇಕು. ಲಸಿಕೆ ಹಾಕಿಸಿದ ಮರುದಿನ ಚುಚ್ಚಿದ ಕಾಲು ಸ್ವಲ್ಪ ಕುಂಟುವುದಕ್ಕೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಹೋಗುತ್ತದೆ.

ಕುಂಟುವುದರ ಜೊತೆಗೆ ಜ್ವರ, ಊಟ ಬಿಡುವುದು, ಕೀಲು ಊದುವುದು ಕಂಡರೆ ಕಾರಣ ಕಾಲಿನಲ್ಲಿ ಇಲ್ಲದೆ ರಕ್ತದಲ್ಲಿರಬಹುದು. ಉಣುಗು ಕಚ್ಚಿ ಬರುವ ಜ್ವರ ನಮ್ಮ ಕಡೆ ನಾಯಿಗಳಿಗೆ ಸಾಮಾನ್ಯ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಹಿಡಿದರೆ ಔಷಧಕ್ಕೆ ಬಗ್ಗುತ್ತದೆ. ಕಾಲು ತಾನಾಗಿಯೇ ಅದುರುತ್ತಿದ್ದು, ಕಣ್ಣು ಮೂಗಿನಿಂದ ಕೀವು ಸುರಿಯುತ್ತಿದ್ದರೆ ಡಿಸ್ಟೆಂಪರ್ ಎಂಬ ವೈರಸ್ ರೋಗದ ಅನುಮಾನ ಪಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಮೇಲೆ ಹೇಳಿದ ಯಾವುದನ್ನೂ ಮಾಡದೆ ದೂರ ನಿಲ್ಲಬೇಕು. ಮರಿ ತೂರಾಡುತ್ತಾ ಹಿಂಗಾಲು ಎಳೆಯುತ್ತಿದ್ದರೆ, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ಕೂಗು ಬದಲಾಗಿದ್ದರೆ, ಕಾರಣವಿಲ್ಲದೆ ಕಂಡದ್ದನ್ನೆಲ್ಲ ಕಚ್ಚುತ್ತಿದ್ದರೆ ಅದು ರೇಬೀಸ್ ಆಗಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಮರಿಗಳಿಗೆ ರೇಬೀಸ್ ಬರುವುದಿಲ್ಲ ಎನ್ನುವುದು ಸುಳ್ಳು. ನೋವಿನಲ್ಲಿರುವ ಆರೋಗ್ಯವಂತ ಮರಿಯೂ ಕಚ್ಚುತ್ತದೆ, ಆದ್ದರಿಂದ ಯಾವ ಮರಿ ಕಚ್ಚಿದರೂ, ಹಲ್ಲು ತಾಗಿ ಬರೀ ಗೀಚಿದರೂ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪ್ರಾರಂಭಿಸಬೇಕು. ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚುವವರ ಮಾತು ಕೇಳಬೇಡಿ. ಮನೆಯಲ್ಲಿ ಬೈಯುತ್ತಾರೆ ಎಂದು ಮುಚ್ಚಿಡಲೂ ಬೇಡಿ, ರೋಗದ ಲಕ್ಷಣ ಶುರುವಾದ ಮೇಲೆ ಚಿಕಿತ್ಸೆ ಇಲ್ಲ.

ಹಾಗಾದರೆ ಯಾವಾಗ ಕಾಯಬಹುದು? ಮರಿ ಕಾಲನ್ನು ಸ್ವಲ್ಪವಾದರೂ ಊರುತ್ತಿದ್ದು, ಊಟ ಮಾಡುತ್ತಾ ಚುರುಕಾಗಿದ್ದರೆ ಒಂದು ದಿನ ಓಡಲು ಬಿಡದೆ ಇಟ್ಟು ನೋಡಬಹುದು. ಕಾಲನ್ನು ನೆಲಕ್ಕೆ ತಾಗಿಸುತ್ತಲೇ ಇಲ್ಲ, ಊದಿದೆ, ತಿರುಚಿದೆ, ಮುಟ್ಟಿದರೆ ಕಿರುಚುತ್ತದೆ ಎಂದರೆ ಅದೇ ದಿನ ಪಶು ಆಸ್ಪತ್ರೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇರುತ್ತದೆ. ಅಲ್ಲಿ ಎಕ್ಸ್-ರೇ ಇಲ್ಲದಿದ್ದರೆ ಎಲ್ಲಿ ಮಾಡಿಸಬೇಕೆಂದು ಅವರೇ ಹೇಳುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲೂ ಪ್ರಾಣಿಗಳಿಗೆ ಚಿಕಿತ್ಸೆ ಸಿಗುತ್ತದೆ. ಸ್ಕೇಲು, ಕಡ್ಡಿ ಕಟ್ಟಿ ನಾವೇ ಪಟ್ಟಿ ಹಾಕುವ ಪ್ರಯತ್ನ ಬೇಡ. ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ನೋವಿರುವ ಕಾಲು ಮೇಲೆ ಬರುವಂತೆ ಮಲಗಿಸಿ ತೆಗೆದುಕೊಂಡು ಹೋದರೆ ಸಾಕು. ಯಾವಾಗಿನಿಂದ, ಯಾವ ಕಾಲು, ಬಿದ್ದಿತ್ತೇ, ಏನು ತಿನ್ನುತ್ತದೆ, ಲಸಿಕೆ ಆಗಿದೆಯೇ ಎಂದು ವೈದ್ಯರು ಕೇಳುತ್ತಾರೆ. ಬೀದಿ ಮರಿಯಾದರೆ ಊಟ ಹಾಕುವ ಕ್ಯಾಂಟೀನಿನವರನ್ನೋ ಅಂಗಡಿಯವರನ್ನೋ ಮೊದಲೇ ವಿಚಾರಿಸಿಕೊಂಡು ಹೋಗಿ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಬಹಳ ಜನ ಮರೆಯುವ ಒಂದು ವಿಷಯವಿದೆ. ಮರಿ ಬೆಳೆಯುತ್ತಿದೆ, ಪ್ಲಾಸ್ಟರ್ ಬೆಳೆಯುವುದಿಲ್ಲ. ಈ ವಾರ ಸರಿಯಾಗಿದ್ದದ್ದು ಮುಂದಿನ ವಾರ ಬಿಗಿಯಾಗುತ್ತದೆ. ಆದ್ದರಿಂದ ದಿನವೂ ಬೆರಳುಗಳು ಊದಿವೆಯೇ, ತಣ್ಣಗಾಗಿವೆಯೇ, ವಾಸನೆ ಬರುತ್ತಿದೆಯೇ ಎಂದು ನೋಡಬೇಕು. ವೈದ್ಯರು ಹೇಳಿದ ದಿನ, ಪರೀಕ್ಷೆ ಇದ್ದರೂ ಸರಿ, ಗೆಳೆಯರಲ್ಲಿ ಯಾರಾದರೊಬ್ಬರು ಮರಿಯನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಬದಲಿಸಿಕೊಂಡು ಬರಬೇಕು. ಮಳೆಗಾಲದಲ್ಲಿ ಹೊರಗೆ ಬಿಡುವಾಗ ಪ್ಲಾಸ್ಟರ್ ಮೇಲೆ ಹಾಲಿನ ಕವರ್ ಕಟ್ಟಿ, ಒಳಗೆ ಬಂದ ಕೂಡಲೇ ಬಿಚ್ಚಿಬಿಡಿ.