ಸಕ್ಕರೆ ಕಾರ್ಖಾನೆಯ ಕಂಡಿ

ಕೊಳಾಯಿ ರಿಪೇರಿಗೆಂದು ಮನೆಗೆ ಬಂದವನು ಹಿತ್ತಲಿನಲ್ಲಿ ಕಾಲು ಮುರಿದುಕೊಂಡರೆ ಹೊಣೆ ಯಾರದು? “ನೋಡಿಕೊಂಡು ನಡೆಯಬಾರದಾಗಿತ್ತೇ?” ಎಂದು ಮನೆಯ ಯಜಮಾನರು ಕೇಳುವುದು ಲೋಕರೂಢಿ. ನ್ಯಾಯಶಾಸ್ತ್ರದ ಉತ್ತರ ಅಷ್ಟು ಸುಲಭವಾದುದಲ್ಲ. ಆ ಉತ್ತರದ ಬೇರು ಇರುವುದು ಇಂಗ್ಲೆಂಡಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ.

ಡೇಮ್ಸ್ ಎಂಬವರ ಆ ಕಾರ್ಖಾನೆಯಲ್ಲಿ ಸಕ್ಕರೆಯನ್ನು ಅಂತಸ್ತಿನಿಂದ ಅಂತಸ್ತಿಗೆ ಸಾಗಿಸಲು ನೆಲಮಾಳಿಗೆಯಿಂದ ಮೇಲಿನವರೆಗೆ ಬಾವಿಯಂತಹ ಕಂಡಿಯೊಂದನ್ನು ಬಿಟ್ಟಿದ್ದರು. ಅದರ ಅಗಲ ನಾಲ್ಕಡಿಗೆ ತುಸು ಹೆಚ್ಚು; ಆಳ 29 ಅಡಿ. ಬಾಯಿ ನೆಲದ ಮಟ್ಟಕ್ಕೇ ಇದ್ದಿತು. ಸುತ್ತಲೂ ಒಂದು ಕಟಕಟೆಯೂ ಇರಲಿಲ್ಲ. ಅದು ಅನಿಲ ದೀಪಗಳ ಕಾಲ. ಅನಿಲದ ವೆಚ್ಚವನ್ನು ತಗ್ಗಿಸುವ ಸಾಧನವೊಂದನ್ನು ಅದರ ಪೇಟೆಂಟುದಾರನು ಅಲ್ಲಿ ಅಳವಡಿಸಿದ್ದನು. ಉಳಿತಾಯ ಕಂಡುಬಂದರೆ ಮಾತ್ರ ಹಣ ಎಂಬುದು ಕರಾರು. ಸಾಧನವನ್ನು ಪರೀಕ್ಷಿಸಲು ಬಂದ ಅವನ ಕೆಲಸಗಾರ ಇಂಡರ್ಮೌರ್ ಆ ಕಂಡಿಯೊಳಕ್ಕೆ ಬಿದ್ದು ಬಲವಾದ ಗಾಯಗಳಿಗೆ ಗುರಿಯಾದನು.

ಕಾರ್ಖಾನೆಯ ಪರವಾದ ವಾದ ಚಮತ್ಕಾರದ್ದು: ಇವನಿಗೆ ನಮ್ಮ ಆಳುಗಳಿಗಿಂತ ಹೆಚ್ಚಿನ ಹಕ್ಕೇಕೆ? ಆಗಿನ ಕಾಲದ ಆಳುಗಳ ಹಕ್ಕಾದರೂ ಎಷ್ಟಿದ್ದಿತು! 1837ರಲ್ಲಿ, ಮಿತಿಮೀರಿ ಹೇರಿದ ಗಾಡಿ ಮುರಿದು ತೊಡೆ ಮುರಿದುಕೊಂಡ ಮಾಂಸದಂಗಡಿಯ ಹುಡುಗನೊಬ್ಬನಿಗೆ ನ್ಯಾಯಾಲಯ ಬರಿಗೈ ತೋರಿಸಿ ಕಳುಹಿಸಿತ್ತು. ಜೊತೆಯ ಆಳಿನ ತಪ್ಪಿನಿಂದ ಪೆಟ್ಟಾದರೆ ಒಡೆಯನು ಹೊಣೆಯಲ್ಲ ಎಂಬ ನಿಯಮ ಅದರಿಂದಲೇ ಬೆಳೆದು, 1948ರಲ್ಲಿ ಪಾರ್ಲಿಮೆಂಟು ಅಳಿಸಿಹಾಕುವವರೆಗೆ ಬಾಳಿತು.

ನ್ಯಾಯಾಧೀಶ ವಿಲ್ಸ್ ಅವರು 1866ರಲ್ಲಿ ಕಾರ್ಖಾನೆಯ ವಾದವನ್ನು ಒಪ್ಪಲಿಲ್ಲ. ಇಂಡರ್ಮೌರ್ ಕುತೂಹಲಕ್ಕಾಗಿ ಬಂದ ಅತಿಥಿಯಲ್ಲ; ಎರಡು ಪಕ್ಷಗಳಿಗೂ ಲಾಭವಿದ್ದ ಕೆಲಸಕ್ಕಾಗಿ ಬಂದವನು. ಅಂಥವನು ತನ್ನ ಎಚ್ಚರದಲ್ಲಿ ತಾನಿದ್ದರೆ ಸಾಕು; ಆ ಸ್ಥಳದ ಅಸಾಮಾನ್ಯ ಅಪಾಯವನ್ನು ಬಲ್ಲ, ಇಲ್ಲವೆ ಬಲ್ಲವನಾಗಿರಬೇಕಾದ ಸ್ವಾಧೀನದಾರನು ತನ್ನ ಪಾಲಿನ ಎಚ್ಚರವನ್ನು ವಹಿಸಬೇಕು. ಉದ್ಯಮಕ್ಕೆ ಕಂಡಿ ಬೇಕು ನಿಜ. ಬಳಕೆಯಿಲ್ಲದಾಗ ಅದಕ್ಕೆ ಅಡ್ಡಗಂಬಿ ಕಟ್ಟಿದ್ದರೆ ಸಕ್ಕರೆಗೇನೂ ನಷ್ಟವಿರಲಿಲ್ಲ. ಮರುವರ್ಷ ಮೇಲಿನ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು. ಕರ್ತವ್ಯವು ಸಂಬಳ ಕೊಟ್ಟವನಿಗೆ ಅಂಟಿದುದಲ್ಲ, ಸ್ಥಳವನ್ನು ಕೈಯಲ್ಲಿಟ್ಟುಕೊಂಡವನಿಗೆ ಅಂಟಿದುದು ಎಂಬುದು ಇಲ್ಲಿನ ಮುಖ್ಯಾಂಶ.

1957ರಲ್ಲಿ ಇಂಗ್ಲೆಂಡು ಈ ವಿಷಯಕ್ಕೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಭಾರತದಲ್ಲಿ ಅಂತಹ ಪ್ರತ್ಯೇಕ ಕಾಯಿದೆ ಇಲ್ಲ. ಎಚ್ಚರಿಕೆಯ ಹಲಗೆಯೊಂದನ್ನು ತೂಗುಹಾಕಿ ಕೈತೊಳೆದುಕೊಳ್ಳುವ ಚಾಳಿಗೆ ಆ ಕಾಯಿದೆ ಕಡಿವಾಣ ಹಾಕಿತು. ಲಾರ್ಡ್ ಡೆನ್ನಿಂಗ್ ಅವರು ಇದನ್ನು ಒಂದು ಕಾಲುಸೇತುವೆಯ ನಿದರ್ಶನದಿಂದ ತಿಳಿಯಾಗಿಸಿದರು. ಮನೆಗೆ ಹೋಗಲು ಲಡ್ಡಾದ ಸೇತುವೆ ಒಂದೇ ದಾರಿಯಾಗಿದ್ದರೆ “ಅಪಾಯ” ಎಂಬ ಹಲಗೆಯಿಂದ ಏನು ಫಲ? ಬರುವವನು ದಾಟಲೇಬೇಕು. ಸ್ವಲ್ಪ ದೂರದಲ್ಲಿ ಗಟ್ಟಿಯಾದ ಇನ್ನೊಂದು ಸೇತುವೆಯಿದ್ದು, ಹಲಗೆ ಅದನ್ನು ತೋರಿಸಿದರೆ ಮಾತು ಬೇರೆ.

ಈ ನಿದರ್ಶನ ಬಂದುದು 1963ರ ಒಂದು ದಾರುಣ ಮೊಕದ್ದಮೆಯಲ್ಲಿ. ಮ್ಯಾಂಚೆಸ್ಟರಿನ ಸಭಾಭವನವೊಂದರ ಬಾಯ್ಲರಿನ ಹೊಗೆದಾರಿಯನ್ನು ಶುಚಿಮಾಡಲು ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ವಿಷಾನಿಲದ ಬಗ್ಗೆ ತಜ್ಞನೊಬ್ಬನು ಅವರನ್ನು ಮತ್ತೆ ಮತ್ತೆ ಎಚ್ಚರಿಸಿದನು. ಕೆಲಸ ಉಳಿದಿದ್ದಿತು, ಬೆಂಕಿ ಉರಿಯುತ್ತಿದ್ದಾಗಲೇ ಅವರು ಮರಳಿ ಒಳಹೊಕ್ಕರು. ಬೆಳಗ್ಗೆ ದೊರೆತುದು ಶವಗಳು.

ವಿಧವೆಯರು ಪರಿಹಾರ ಕೇಳಿದರು. ಕಾಯಿದೆಯಲ್ಲಿ ಇನ್ನೊಂದು ಮಾತೂ ಉಂಟು: ಕಸುಬುದಾರನು ತನ್ನ ಕಸುಬಿಗೆ ಸಹಜವಾದ ಅಪಾಯವನ್ನು ತಾನೇ ಅರಿತು ಕಾಪಾಡಿಕೊಳ್ಳುವನೆಂದು ಸ್ವಾಧೀನದಾರನು ನಂಬಬಹುದು. ಅನಿಲದ ಕೆಲಸಗಾರನಿಗೆ ನೆಲದ ಕಂಡಿ ಕಸುಬಿನ ಅಪಾಯವಾಗಿರಲಿಲ್ಲ; ಹೊಗೆಗೂಡಿನವರಿಗೆ ಹೊಗೆ ಕಸುಬೇ ಆಗಿದ್ದಿತು. ಜೊತೆಗೆ ಎಚ್ಚರಿಕೆಯೂ ಸಾಕಷ್ಟು ದೊರೆತಿದ್ದಿತು. ಮೇಲ್ಮನವಿ ನ್ಯಾಯಾಲಯದ ಮೂವರಲ್ಲಿ ಒಬ್ಬರು ಭಿನ್ನಮತ ತಳೆದರು. ಉಳಿದ ಇಬ್ಬರ ತೀರ್ಪಿನಂತೆ, ಆ ಹೆಂಗಸರಿಗೆ ಭವನದವರು ಏನನ್ನೂ ಕೊಡಬೇಕಾಗಲಿಲ್ಲ.