ಹಿಂದಿರುಗುವ ದಾರಿಯ ಹೊರೆ: ಬೇಟೆಗಾರನ ಬೆನ್ನುಚೀಲದ ವಿಜ್ಞಾನ

ಅಮೆರಿಕದ ರಾಕಿ ಪರ್ವತಶ್ರೇಣಿ ಹಾದುಹೋಗುವ ಕೊಲೊರಾಡೊ, ವಯೋಮಿಂಗ್, ಮೊಂಟಾನಾ, ಐಡಹೊ ರಾಜ್ಯಗಳಲ್ಲಿ ಪ್ರತಿ ಶರತ್ಕಾಲದಲ್ಲೂ ಪರವಾನಗಿ ಪಡೆದ ಬೇಟೆಗಾರರು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಅರಸುತ್ತಾ ರಸ್ತೆ ಮುಗಿದಲ್ಲಿಂದ ಹಲವು ಕಿಲೋಮೀಟರ್ ಒಳಗೆ ನಡೆದುಹೋಗಿ, ನಾಲ್ಕಾರು ದಿನ ಅಲ್ಲೇ ಬಿಡಾರ ಹೂಡುತ್ತಾರೆ. 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಕಾಯ್ದಿರಿಸಿದ ಕಾಡುಗಳಲ್ಲಿ ಮೋಟಾರು ವಾಹನಗಳಷ್ಟೇ ಅಲ್ಲ, ಯಾಂತ್ರಿಕ ಸಾಗಣೆಯ ಸಾಧನಗಳೂ ನಿಷಿದ್ಧ. ಬೇಟೆಯನ್ನು ತಳ್ಳಿಕೊಂಡು ತರುವ ಸಾಧಾರಣ ಕೈಗಾಡಿಯೂ ಆ ನಿಷೇಧದೊಳಗೇ ಬರುವುದರಿಂದ, ಕುದುರೆ, ಹೇಸರಗತ್ತೆಗಳ ಅನುಕೂಲವಿಲ್ಲದವನಿಗೆ ಉಳಿಯುವ ವಾಹನ ಅವನ ಬೆನ್ನೊಂದೇ. ಬೆನ್ನುಚೀಲದ ಆಯ್ಕೆ ಇಲ್ಲಿ ರುಚಿ, ಬಣ್ಣಗಳ ಪ್ರಶ್ನೆಯಾಗಿ ಉಳಿಯದೆ ಶರೀರವಿಜ್ಞಾನದ ಪ್ರಶ್ನೆಯಾಗುವುದು ಈ ಕಾರಣಕ್ಕೆ.

ಕರ್ನಾಟಕದ ಕಾಡುಗಳಲ್ಲಿರುವ ಕಡವೆಯ ಬಂಧುವಾದ ಎಲ್ಕ್‌ನ ಬೆಳೆದ ಗಂಡು ಸುಮಾರು 300 ಕೆ.ಜಿ. ತೂಗುತ್ತದೆ; ಮೂಳೆ ಬಿಡಿಸಿ ತೆಗೆದ ಮಾಂಸವೇ 80ರಿಂದ 110 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬರುವುದನ್ನು ಆ ಪಶ್ಚಿಮ ರಾಜ್ಯಗಳ ಕಾನೂನು ಅಪರಾಧವೆಂದು ಪರಿಗಣಿಸುತ್ತದೆ. ಅಲಾಸ್ಕದ ನಿಯಮವಂತೂ ಇನ್ನೂ ಬಿಗಿಯಾಗಿದ್ದು, ಮಾಂಸವೆಲ್ಲ ಹೊರಬಂದ ಮೇಲೆ ಅಥವಾ ಮಾಂಸದ ಕೊನೆಯ ಹೊರೆಯ ಜೊತೆಗೆ ಮಾತ್ರ ಕೊಂಬನ್ನು ತರಬಹುದೆಂದು ಹೇಳುತ್ತದೆ. ಹೀಗಾಗಿ ಒಳಗೆ ಹೋಗುವಾಗ ಗುಡಾರ, ಹಾಸಿಗೆಚೀಲ, ಆಹಾರ ಸೇರಿ ಇಪ್ಪತ್ತು ಕೆ.ಜಿ. ಹೊತ್ತಿದ್ದ ಅದೇ ಚೀಲ, ಬೇಟೆ ಫಲಿಸಿದ ದಿನ ನಲವತ್ತು ಕೆ.ಜಿ.ಗೂ ಮಿಕ್ಕಿದ ಹೊರೆಯನ್ನು ಹಲವು ಸಲ ಹೊರಬೇಕಾಗುತ್ತದೆ. ಚಾರಣಿಗನ ಹೊರೆ ದಿನದಿಂದ ದಿನಕ್ಕೆ, ಆಹಾರ ಕರಗಿದಂತೆ, ಹಗುರಾಗುತ್ತ ಬಂದರೆ ಬೇಟೆಗಾರನದು ಕೊನೆಯ ದಿನ ಇಮ್ಮಡಿಯಾಗುತ್ತದೆ. ಹೊರಡುವ ದಿನದ ಹೊರೆಯನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಚೀಲ ಕೊಳ್ಳುವುದು ಈ ಕ್ಷೇತ್ರದ ಅತಿ ಸಾಮಾನ್ಯವಾದ ತಪ್ಪು.

ಹೊರೆ ಹೊರುವ ದೇಹ ಎಷ್ಟು ಶಕ್ತಿ ವ್ಯಯಿಸುತ್ತದೆ ಎಂಬುದನ್ನು ಅಂದಾಜು ಮಾಡಲು ಅಮೆರಿಕದ ಸೇನೆಯ ನೇಟಿಕ್ ಸಂಶೋಧನಾ ಸಂಸ್ಥೆಯಲ್ಲಿ ಪ್ಯಾಂಡಾಲ್ಫ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ದೇಹದ ತೂಕ, ಹೊರೆಯ ತೂಕ, ನಡಿಗೆಯ ವೇಗ, ಏರಿನ ಪ್ರಮಾಣ ಇವುಗಳ ಜೊತೆಗೆ ನೆಲದ ಗುಣವನ್ನೂ ಅದು ಒಂದು ಗುಣಾಂಕವಾಗಿ ಸೇರಿಸಿಕೊಳ್ಳುತ್ತದೆ: ಡಾಂಬರು ರಸ್ತೆಗೆ ಆ ಗುಣಾಂಕ 1.0 ಆದರೆ ತೆಳುವಾದ ಕುರುಚಲಿಗೆ 1.2, ದಟ್ಟ ಪೊದೆಗೆ 1.5, ಜೌಗು ನೆಲಕ್ಕೆ 1.8, ಸಡಿಲ ಮರಳಿಗೆ 2.1. ಸೂತ್ರದ ಪ್ರಕಾರ 75 ಕೆ.ಜಿ. ತೂಕದ ವ್ಯಕ್ತಿ ಕುರುಚಲಿನ ಸಮತಟ್ಟು ನೆಲದಲ್ಲಿ ಗಂಟೆಗೆ 3.6 ಕಿ.ಮೀ. ವೇಗದಲ್ಲಿ 15 ಕೆ.ಜಿ. ಹೊತ್ತು ನಡೆದರೆ ಅವನ ದೇಹ ಸುಮಾರು 280 ವಾಟ್ ದರದಲ್ಲಿ ಶಕ್ತಿ ಖರ್ಚುಮಾಡುತ್ತದೆ. ಹೊರೆ 40 ಕೆ.ಜಿ.ಗೆ ಏರಿದರೆ ಅದು 385 ವಾಟ್ ಆಗುತ್ತದೆ. ಅದೇ ಹೊರೆಯೊಂದಿಗೆ, ಅದೇ ವೇಗದಲ್ಲಿ, ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿ ಹಿಡಿದರೆ 870 ವಾಟ್ ಸಮೀಪಿಸುತ್ತದೆ. ಇಷ್ಟು ದರವನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುವುದು ಸಾಮಾನ್ಯ ದೇಹಕ್ಕೆ ಅಸಾಧ್ಯ, ಅದರಲ್ಲೂ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 70ರಷ್ಟಕ್ಕೆ ಇಳಿದಿರುವ 3,000 ಮೀಟರ್ ಎತ್ತರದಲ್ಲಿ. ಆದ್ದರಿಂದ ನಡೆಯುವವನು ಅರಿವಿಲ್ಲದೆಯೇ ವೇಗ ತಗ್ಗಿಸುತ್ತಾನೆ.

ಇದೇ ಸೂತ್ರದಿಂದ ಹೊರಡುವ ಇನ್ನೊಂದು ಫಲಿತಾಂಶ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ನಲವತ್ತು ಕೆ.ಜಿ. ಮಾಂಸವನ್ನು ಸಮತಟ್ಟು ದಾರಿಯಲ್ಲಿ ಒಂದೇ ಸಲಕ್ಕೆ ಹೊತ್ತು ತರುವುದಕ್ಕಿಂತ, ಇಪ್ಪತ್ತಿಪ್ಪತ್ತರಂತೆ ಎರಡು ಸಲ ತರುವುದಕ್ಕೆ, ನಡುವೆ ಬರಿಗೈಯಲ್ಲಿ ಮರಳಿ ಹೋಗುವ ನಡಿಗೆಯನ್ನೂ ಸೇರಿಸಿದರೆ, ಎರಡು ಪಟ್ಟಿಗೂ ಮೀರಿ ಶಕ್ತಿ ಬೇಕಾಗುತ್ತದೆ. ಏಕೆಂದರೆ ಪ್ರತಿ ಸಲವೂ ಹೊರೆಯ ಜೊತೆಗೆ ತನ್ನ ದೇಹವನ್ನೂ ಸಾಗಿಸಲೇಬೇಕು. ಶಕ್ತಿಯ ಲೆಕ್ಕವೊಂದನ್ನೇ ನೆಚ್ಚಿದರೆ ಭಾರವಾದ ಹೊರೆಯೇ ಜಾಣತನ. ಹಾಗಿದ್ದೂ ಅನುಭವಿಗಳು ಹೊರೆಯನ್ನು ಹಂಚುವುದಕ್ಕೆ ಕಾರಣ, ಮಿತಿಯನ್ನು ಹಾಕುವುದು ಉಸಿರಾಗಲಿ ಹಸಿವಾಗಲಿ ಅಲ್ಲ, ಕೀಲು, ನರ, ಸ್ನಾಯುಗಳು ಎಂಬುದು. ಸೂತ್ರ ಇಳಿಜಾರಿನ ಶ್ರಮವನ್ನು ಸರಿಯಾಗಿ ಅಳೆಯುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕಾಗಿ ಬಂದು ಅದರ ಎಳೆಗಳು ಹಾನಿಗೊಳ್ಳುತ್ತವೆ, ಮಂಡಿಯ ಮೇಲಿನ ಒತ್ತಡ ಹೆಚ್ಚುತ್ತದೆ. ಹೀಗಿರುವಾಗ ಬೆನ್ನುಚೀಲವನ್ನು ಶಕ್ತಿ ಉಳಿಸುವ ಸಾಧನವೆನ್ನುವುದಕ್ಕಿಂತ, ಭಾರವನ್ನು ದೇಹದ ಗಟ್ಟಿ ಭಾಗಗಳ ಮೇಲೆ ಹಂಚಿ ಮೃದು ಭಾಗಗಳನ್ನು ಉಳಿಸುವ ಸಾಧನವೆನ್ನುವುದೇ ಹೆಚ್ಚು ಸರಿ.

ಆ ಗಟ್ಟಿ ಭಾಗ ಸೊಂಟದ ಎಲುಬು. ಎರಡೂ ಪಕ್ಕೆಗಳ ಕೆಳಗೆ ಕೈಯಿಟ್ಟು ಒತ್ತಿದರೆ ಸಿಗುವ ಅದರ ಮೇಲಂಚಿಗೆ ಸೊಂಟಪಟ್ಟಿಯ ನಡುಭಾಗ ಸರಿಯಾಗಿ ಕೂತರೆ, ಭಾರ ಬೆನ್ನುಮೂಳೆಯ ಕೆಳಭಾಗವನ್ನು ತಪ್ಪಿಸಿ ನೇರವಾಗಿ ಕಾಲುಗಳಿಗೆ ಇಳಿಯುತ್ತದೆ. ಹೆಗಲಿನ ರಚನೆ ಇದಕ್ಕೆ ತದ್ವಿರುದ್ಧವಾದುದು. ಕೊರಳೆಲುಬಿನ ಕೆಳಗಿನಿಂದ ಕೈಗೆ ಹಾಯುವ ನರಗಳ ಜಾಲ ಅಲ್ಲಿ ಪಟ್ಟಿಯ ಒತ್ತಡಕ್ಕೆ ನೇರವಾಗಿ ಸಿಗುತ್ತದೆ. ಬಹುಕಾಲ ಒತ್ತಿದರೆ ಬೆರಳು ಜೋಮುಹಿಡಿಯುವುದರಿಂದ ಆರಂಭವಾಗಿ ತೋಳಿನ ಬಲ ಕುಗ್ಗುವವರೆಗೆ, ಕೆಲವೊಮ್ಮೆ ಹೆಗಲ ಹಿಂದಿನ ಚಪ್ಪಟೆ ಎಲುಬು ರೆಕ್ಕೆಯಂತೆ ಹೊರಚಾಚುವವರೆಗೂ ತೊಂದರೆ ಬೆಳೆಯಬಹುದು. ಬೆನ್ನುಚೀಲದ ಪಾರ್ಶ್ವವಾಯು ಎಂದೇ ವೈದ್ಯರು ಕರೆಯುವ ಈ ಸ್ಥಿತಿ ಸೈನಿಕರಲ್ಲಿ ಚೆನ್ನಾಗಿ ದಾಖಲಾಗಿದ್ದು, ಚೌಕಟ್ಟು ಮತ್ತು ಸೊಂಟಪಟ್ಟಿ ಇಲ್ಲದ ಚೀಲಗಳಲ್ಲಿ ಅದರ ಅಪಾಯ ಹೆಚ್ಚು.

ಮಾರಾಟಗಾರರು ಮಾತ್ರ ಶೇಕಡ ಎಂಬತ್ತರಷ್ಟು ಭಾರ ಸೊಂಟಕ್ಕೆ ಇಳಿಯುತ್ತದೆಂದು ಧಾರಾಳವಾಗಿ ಹೇಳುವುದುಂಟು. ಅಮೆರಿಕದ ಸೇನೆಯ ಸಂಶೋಧಕರಾದ ಲಾಫಿಯಾಂಡ್ರಾ ಮತ್ತು ಹಾರ್ಮನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೌಕಟ್ಟು ಮತ್ತು ಸೊಂಟಪಟ್ಟಿ ಇರುವ ಸೇನಾ ಚೀಲವೊಂದನ್ನು ಹೊತ್ತು ನಡೆಯುವಾಗ ಲಂಬವಾದ ಭಾರದ ಸುಮಾರು ಶೇಕಡ 30 ಮಾತ್ರ ಬೆನ್ನಿನ ಕೆಳಭಾಗದಲ್ಲಿ ಅಳತೆಗೆ ಸಿಕ್ಕಿತು. ಬೇಟೆಯ ಚೀಲಗಳು ಇದಕ್ಕಿಂತ ಉತ್ತಮವಾಗಿರಬಹುದಾದರೂ, ಜಾಹೀರಾತಿನ ಅಂಕಿಯನ್ನು ಅಳತೆಯ ಅಂಕಿಯೆಂದು ನಂಬಬಾರದು ಎಂಬುದಕ್ಕೆ ಇಷ್ಟು ಸಾಕು.

ಭಾರವನ್ನು ಸೊಂಟಕ್ಕೆ ದಾಟಿಸುವ ಕೆಲಸ ಚೌಕಟ್ಟಿನದು. ಇದು ಹೊಸ ಆವಿಷ್ಕಾರವೇನಲ್ಲ: 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಿಲ್ಲು ಬಾಣಗಳ ಜೊತೆಗೆ, ಬಾಗಿಸಿದ ಹೇಜಲ್ ಕೋಲು ಮತ್ತು ಲಾರ್ಚ್ ಹಲಗೆಗಳ ರಚನೆಯೊಂದು ದೊರೆತಿದ್ದು, ಬಹುತೇಕ ಸಂಶೋಧಕರು ಅದನ್ನು ಬೆನ್ನಹೊರೆಯ ಚೌಕಟ್ಟೆಂದೇ ಗುರುತಿಸಿದ್ದಾರೆ. 1920ರ ದಶಕದಲ್ಲಿ ಲಾಯ್ಡ್ ನೆಲ್ಸನ್ ಎಂಬಾತ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು, ಮರ ಬೆನ್ನಿಗೆ ತಾಗದ ಹಾಗೆ ಮಾಡಿದ ಚೀಲ ಅಮೆರಿಕದ ಬೇಟೆಗಾರರಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟಿನ ಚೀಲಗಳನ್ನು ಮಾರತೊಡಗಿದನು. ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿಕೊಂಡಾಗ ಹೆಗಲು ಹಗುರಾದದ್ದೇ ಅವನ ಸೊಂಟಪಟ್ಟಿಯ ಕಲ್ಪನೆಗೆ ಮೂಲವೆಂದು ಹೇಳಲಾಗುತ್ತದೆ. 1960ರ ದಶಕದ ಕೊನೆಯಲ್ಲಿ ಚೌಕಟ್ಟು ಚೀಲದ ಒಳಗೆ ಸೇರಿತು, ಆರೋಹಿಗಳಿಗೆ ಅದು ಒಗ್ಗಿತು. ಬೇಟೆಗಾರರಿಗೆ ಬೇಕಾದುದು ಇವೆರಡರ ಬೆರಕೆ: ದೇಹಕ್ಕೆ ಅಂಟಿಕೊಳ್ಳುವಷ್ಟು ಚಪ್ಪಟೆಯಾದ, ಆದರೆ ಚೀಲದಿಂದ ಬೇರ್ಪಡಿಸಬಹುದಾದ ಚೌಕಟ್ಟು.

ಬೇರ್ಪಡಿಸುವುದರ ಪ್ರಯೋಜನ ಮಾಂಸ ಹೊರುವಾಗ ಗೊತ್ತಾಗುತ್ತದೆ. ಈಗಿನ ಬೇಟೆಯ ಚೀಲಗಳಲ್ಲಿ ಪಟ್ಟಿಗಳನ್ನು ಸಡಿಲಿಸಿ ಚೀಲವನ್ನು ಚೌಕಟ್ಟಿನಿಂದ ಹಿಂದಕ್ಕೆ ಸರಿಸಿ, ನಡುವೆ ಉಂಟಾಗುವ ಜಾಗದಲ್ಲಿ ಬಟ್ಟೆಚೀಲಕ್ಕೆ ತುಂಬಿದ ಮಾಂಸವನ್ನು ಇರಿಸಿ, ಮತ್ತೆ ಬಿಗಿಯುತ್ತಾರೆ. ಇದರಿಂದ ಹಾಸಿಗೆಗೆ ರಕ್ತ ತಾಗುವುದಿಲ್ಲ ಎಂಬುದು ಸಣ್ಣ ಲಾಭ. ಭಾರವಾದ ವಸ್ತು ಬೆನ್ನಿಗೆ ಅತಿ ಹತ್ತಿರವಿರುತ್ತದೆ ಎಂಬುದು ದೊಡ್ಡ ಲಾಭ. ಹೊರೆಯ ಗುರುತ್ವಕೇಂದ್ರ, ಅಂದರೆ ಅದರ ತೂಕವೆಲ್ಲ ಕೂಡಿಬಂದಂತೆ ವರ್ತಿಸುವ ಬಿಂದು, ಬೆನ್ನುಮೂಳೆಯಿಂದ 15 ಸೆಂ.ಮೀ. ದೂರವಿದ್ದರೆ 40 ಕೆ.ಜಿ. ಹೊರೆ ದೇಹವನ್ನು ಹಿಂದಕ್ಕೆ ತಿರುಗಿಸುವ ಬಲ ಸುಮಾರು 59 ನ್ಯೂಟನ್-ಮೀಟರ್. ದೂರ 30 ಸೆಂ.ಮೀ. ಆದರೆ ಅದು ನೇರವಾಗಿ ಇಮ್ಮಡಿಯಾಗುತ್ತದೆ. ಈ ತಿರುಗುಬಲವನ್ನು ಸರಿದೂಗಿಸಲು ಹೊರುವವನು ಮುಂದಕ್ಕೆ ಬಾಗಲೇಬೇಕು, ಮತ್ತು ಬಾಗಿದಷ್ಟೂ ಸೊಂಟದ ಕೆಳಬೆನ್ನಿನ ಸ್ನಾಯುಗಳು ದಣಿಯುತ್ತವೆ. ಹೊರೆ ಎತ್ತರದಲ್ಲಿದ್ದಷ್ಟೂ ಕಡಿಮೆ ಬಾಗಿದರೆ ಸಾಕೆಂಬುದು ನಿಜವಾದರೂ, ಬಂಡೆ, ಬಿದ್ದ ಮರಗಳ ನಡುವೆ ಎತ್ತರದ ಹೊರೆ ಓಲಾಡಿಸುತ್ತದೆ. ಆದ್ದರಿಂದ ಹೆಗಲೆಲುಬುಗಳ ನಡುವಿನಿಂದ ನಡುಬೆನ್ನಿನವರೆಗಿನ ಜಾಗವೇ ಮಾಂಸಕ್ಕೆ ತಕ್ಕದ್ದು. ಮೂಳೆ ಬಿಡಿಸಿದ ಮಾಂಸ ಹಗುರವಾದರೂ ನಡೆಯುತ್ತಾ ನಡೆಯುತ್ತಾ ಕೆಳಗೆ ಜಾರಿ ಗಂಟಾಗುತ್ತದೆ, ಮೂಳೆಸಹಿತ ತೊಡೆ ಹೆಚ್ಚು ತೂಗಿದರೂ ಬಿಗಿದಲ್ಲೇ ನಿಲ್ಲುತ್ತದೆ. ದೂರ ಕಡಿಮೆಯಿದ್ದರೆ ಎರಡನೆಯದೇ ಮೇಲೆನ್ನುವವರೂ ಇದ್ದಾರೆ.

ಚೀಲದ ಗಾತ್ರದ ಬಗ್ಗೆ ನಡೆಯುವ ಚರ್ಚೆ ಅದರ ಮಹತ್ವಕ್ಕೆ ಮೀರಿದ್ದು. ಮಾಂಸದ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚಾದ್ದರಿಂದ ನಲವತ್ತು ಕೆ.ಜಿ. ಮಾಂಸಕ್ಕೆ ನಲವತ್ತು ಲೀಟರಿನಷ್ಟೂ ಜಾಗ ಬೇಡ; ಜಾಗ ನುಂಗುವುದು ಹಾಸಿಗೆಚೀಲ, ಬೆಚ್ಚನೆಯ ಬಟ್ಟೆ, ಆಹಾರ. ಐದರಿಂದ ಏಳು ದಿನದ ಪ್ರವಾಸಕ್ಕೆ 80ರಿಂದ 110 ಲೀಟರಿನ ಚೀಲ ಸಾಮಾನ್ಯವಾಗಿ ಸಾಕಾಗುತ್ತದೆ, ಬಿಡಾರದಿಂದ ದಿನವೂ ಹೊರಡುವಾಗ ಅದನ್ನು ಚಪ್ಪಟೆಯಾಗಿ ಬಿಗಿಯುವಂತಿದ್ದರೆ ಆಯಿತು. ಲೀಟರುಗಳನ್ನು ಹಾಸಿಗೆ ನಿರ್ಧರಿಸಲಿ, ಚೌಕಟ್ಟನ್ನು ಮಾಂಸ ನಿರ್ಧರಿಸಲಿ.

ಬಟ್ಟೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆಗೆ ಡೆನಿಯರ್ ಎಂದು ಹೆಸರು. 500 ಡೆನಿಯರಿನ ನೈಲಾನ್ ಬಟ್ಟೆ ಮುಳ್ಳು, ಬಂಡೆಗಳಿಗೆ ತಡೆದುಕೊಳ್ಳುವಷ್ಟು ಗಟ್ಟಿಯಾಗಿದ್ದು, ಕೊಂಬೆ ಸವರಿದಾಗ ಹೆಚ್ಚು ಸದ್ದು ಮಾಡದು. ಪದರಗಳನ್ನು ಅಂಟಿಸಿ ಮಾಡಿದ ಹಗುರ ಬಟ್ಟೆಗಳು ನೀರನ್ನು ಚೆನ್ನಾಗಿ ತಡೆದರೂ ಗರಗರ ಸದ್ದು ಮಾಡುವುದರಿಂದ ಬೇಟೆಗೆ ಅಷ್ಟಾಗಿ ಒಗ್ಗುವುದಿಲ್ಲ. ಚೀಲದ ಸ್ವಂತ ತೂಕದಲ್ಲಿ ಅರ್ಧ ಕೆ.ಜಿ. ಉಳಿಸಲು ಚೌಕಟ್ಟಿನ ಬಿಗಿಯನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ತೂಕ ಇಳಿಸಬೇಕೆಂದಿದ್ದರೆ ಬೂಟಿನಲ್ಲಿ ಇಳಿಸುವುದು ಲೇಸು, ಏಕೆಂದರೆ ಪಾದದ ಮೇಲಿನ ಒಂದು ಕೆ.ಜಿ. ಬೆನ್ನಿನ ಮೇಲಿನ ಒಂದು ಕೆ.ಜಿ.ಗಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು ಶಕ್ತಿ ಬೇಡುತ್ತದೆಂದು ಪ್ರಯೋಗಗಳು ತೋರಿಸಿವೆ.

ಇಷ್ಟೆಲ್ಲ ಪಟ್ಟಿ, ಚೌಕಟ್ಟುಗಳ ಹಂಗಿಲ್ಲದೆಯೂ ಮನುಷ್ಯರು ಭಾರ ಹೊರುತ್ತಾರೆ ಎಂಬುದನ್ನು ಇಲ್ಲಿ ಮರೆಯಬಾರದು. ಕೀನ್ಯಾದ ಲುವೊ ಮತ್ತು ಕಿಕುಯು ಮಹಿಳೆಯರು ದೇಹತೂಕದ ಐದನೇ ಒಂದರಷ್ಟು ಭಾರವನ್ನು ಹೆಚ್ಚುವರಿ ಶಕ್ತಿಯ ಖರ್ಚು ಕಾಣದಂತೆ ಹೊರುತ್ತಾರೆಂದು 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎವರೆಸ್ಟ್ ದಾರಿಯ ನೇಪಾಳಿ ಹಮಾಲರಲ್ಲಿ ಗಂಡಸರು ಸರಾಸರಿ ತಮ್ಮ ದೇಹತೂಕದ ಶೇಕಡ 93ರಷ್ಟನ್ನು ಹಣೆಪಟ್ಟಿಯ ಬುಟ್ಟಿಯಲ್ಲಿ ಹೊರುತ್ತಾರೆಂದು 2005ರಲ್ಲಿ ಸೈನ್ಸ್ ಪತ್ರಿಕೆ ವರದಿ ಮಾಡಿತು. ತಲೆಯ ಮೇಲೆ ಸಿಂಬೆಯಿಟ್ಟು ಕೊಡ ಹೊರುವ ಕರ್ನಾಟಕದ ಹೆಂಗಸರನ್ನು ಕಂಡವರಿಗೆ ಈ ಸಂಗತಿ ಅಚ್ಚರಿ ತರಲಾರದು. ಆದರೆ ಇದು ವರ್ಷಗಟ್ಟಲೆಯ ರೂಢಿಯಿಂದ ಬರುವ ನಡಿಗೆಯ ಕೌಶಲ. ಕೊಂಬೆಗಳಡಿ ನುಸುಳುತ್ತಾ, ಬಂದೂಕನ್ನೋ ಬಿಲ್ಲನ್ನೋ ಹಿಡಿದು, ಸುತ್ತ ಕರಡಿಯ ಸುಳಿವನ್ನೂ ಗಮನಿಸುತ್ತಾ ನಡೆಯಬೇಕಾದ ರಾಕಿ ಪರ್ವತದ ಬೇಟೆಗಾರನಿಗೆ ಕತ್ತು ಅಲುಗದಂತೆ ಹೊರುವ ಕ್ರಮ ಹೊಂದುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಭಾರತದಲ್ಲಿ ಇಂಥ ಬೇಟೆಗೆ ಅವಕಾಶವಿಲ್ಲದಿದ್ದರೂ, ಕುಮಾರಪರ್ವತ ಹತ್ತುವ ಚಾರಣಿಗನ ಸೊಂಟ, ಹೆಗಲುಗಳಿಗೂ ಭೌತವಿಜ್ಞಾನ ಬೇರೆಯದಲ್ಲ.

ಕೊನೆಗೆ ಆಯ್ಕೆಯನ್ನು ತೀರ್ಮಾನಿಸಬೇಕಾದುದು ದೇಹದ ಅಳತೆ. ತಲೆ ತಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದುಕಾಣುವ ಏಳನೆಯ ಕಶೇರುಮಣಿಯಿಂದ ಸೊಂಟದೆಲುಬಿನ ಮೇಲಂಚಿನ ಮಟ್ಟದವರೆಗಿನ ಉದ್ದಕ್ಕೆ ಬೆನ್ನಳತೆ ಎನ್ನಬಹುದು. ಒಟ್ಟು ಎತ್ತರ ಒಂದೇ ಆಗಿರುವ ಇಬ್ಬರಲ್ಲಿ ಇದು ಬೇರೆಬೇರೆ ಆಗಿರುವುದು ಸಾಮಾನ್ಯ, ಆದ್ದರಿಂದ ಅಂಗಿಯ ಅಳತೆ ನೋಡಿ ಚೀಲ ಕೊಳ್ಳುವುದು ವ್ಯರ್ಥ. ಚೌಕಟ್ಟಿನ ಮೇಲ್ತುದಿ ಹೆಗಲಿಗಿಂತ ಕೆಲವು ಸೆಂಟಿಮೀಟರ್ ಎತ್ತರವಿದ್ದು, ಅಲ್ಲಿಂದ ಹೆಗಲಪಟ್ಟಿಗೆ ಓರೆಯಾಗಿ ಇಳಿಯುವ ಸಣ್ಣ ಪಟ್ಟಿ ಸುಮಾರು 45 ಡಿಗ್ರಿ ಕೋನದಲ್ಲಿದ್ದರೆ ಅದನ್ನು ಎಳೆದಾಗ ಹೊರೆ ಬೆನ್ನಿಗೆ ಒತ್ತಿಕೊಂಡು ಹೆಗಲ ಮೇಲಿನ ಒತ್ತಡ ಇಳಿಯುತ್ತದೆ. ಚೌಕಟ್ಟು ಗಿಡ್ಡವಾದರೆ ಅದೇ ಪಟ್ಟಿ ಹೆಗಲನ್ನು ಕೆಳಕ್ಕೆ ಅದುಮುತ್ತದೆ. ಅಂಗಡಿಯಲ್ಲಿ ಖಾಲಿ ಚೀಲ ತೊಟ್ಟು ಕನ್ನಡಿ ನೋಡಿದರೆ ಇದಾವುದೂ ತಿಳಿಯುವುದಿಲ್ಲ. ಬೇಟೆಯ ಕಾಲಕ್ಕೆ ತಿಂಗಳುಗಳ ಮೊದಲೇ ಮೂವತ್ತು ಕೆ.ಜಿ. ಮರಳಿನ ಮೂಟೆಯನ್ನು ಚೌಕಟ್ಟಿಗೆ ಬಿಗಿದು, ಏರಿಗಿಂತ ಇಳಿಜಾರಿನಲ್ಲೇ ಹೆಚ್ಚು ಹೊತ್ತು ನಡೆದು ನೋಡಬೇಕು: ಅರ್ಧ ಗಂಟೆಯಲ್ಲಿ ಸೊಂಟಪಟ್ಟಿ ಕೆಳಗೆ ಜಾರಿದರೆ ಅದರ ಆಕಾರ ಆ ಸೊಂಟಕ್ಕೆ ಒಪ್ಪಿಲ್ಲ, ಚೌಕಟ್ಟು ನಡುವೆ ಬಾಗಿದರೆ ಅದು ಆ ಹೊರೆಗೆ ಸಾಲದು, ಬೆರಳು ಜೋಮುಹಿಡಿದರೆ ಪಟ್ಟಿಯ ಅಳತೆ ಸರಿಪಡಿಸುವವರೆಗೆ ಆ ಚೀಲದಲ್ಲಿ ಮಾಂಸ ಹೊರುವ ಸಾಹಸಕ್ಕೆ ಇಳಿಯಬಾರದು.