ಗಾಳಿ ತಿರುಗಿದ ನಾಡಿನಲ್ಲಿ ಒಬ್ಬ ರೈತ ಸೆನೆಟರ್

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈಗ ಅಮೆರಿಕದ ಪೌರರು, ಮತದಾನದ ಹಕ್ಕುಳ್ಳವರು. ಆದರೂ ಹಬ್ಬದೂಟದ ಪಂಕ್ತಿಯಲ್ಲಿ ಚುನಾವಣೆಯ ಮಾತು ಬಂತೆಂದರೆ ಅದು ಅಧ್ಯಕ್ಷರ ಹೆಸರಿನಿಂದ ಆರಂಭವಾಗಿ ಅಲ್ಲಿಗೇ ಮುಗಿಯುತ್ತದೆ. ಸೆನೆಟರುಗಳ ಸುದ್ದಿ ಎತ್ತುವವರು ಕಡಿಮೆ. ಆದ್ದರಿಂದ ಈ ಸಲ ಒಬ್ಬ ಸೆನೆಟರರ ಕಥೆ. ಓದುಗರು ಯಾವ ಪಕ್ಷದವರೇ ಆಗಿರಲಿ, ಇದರಲ್ಲಿ ಎಲ್ಲರಿಗೂ ಯೋಚನೆಗೆ ಗ್ರಾಸವಿದೆ.

ಕೆನಡಾದ ಗಡಿಗೆ ತಾಗಿಕೊಂಡಿರುವ ಮೊಂಟಾನಾ ರಾಜ್ಯ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಎರಡರಷ್ಟು. ಜನಸಂಖ್ಯೆ ಮಾತ್ರ 2020ರ ಗಣತಿಯಂತೆ ಹನ್ನೊಂದು ಲಕ್ಷಕ್ಕೂ ತುಸು ಕಡಿಮೆ. ಆದರೂ ಸೆನೆಟ್ಟಿನಲ್ಲಿ ಅದಕ್ಕೆ ಎರಡು ಸ್ಥಾನ. ಕೋಟಿಗಟ್ಟಲೆ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಎರಡೇ. ಮೊದಲು ನಮ್ಮ ರಾಜ್ಯಸಭೆಯ ಹಾಗೆ ಸೆನೆಟರುಗಳನ್ನೂ ಶಾಸಕರೇ ಆರಿಸುತ್ತಿದ್ದರು. ಮೊಂಟಾನಾದ ತಾಮ್ರದ ಗಣಿಗಳ ಧಣಿ ವಿಲಿಯಂ ಕ್ಲಾರ್ಕ್ 1899ರಲ್ಲಿ ಶಾಸಕರಿಗೆ ಹಣ ಹಂಚಿ ಆಯ್ಕೆಯಾದ. ಸೆನೆಟ್ಟಿನ ಸಮಿತಿ ಆ ಆಯ್ಕೆ ಸಲ್ಲದೆಂದಾಗ 1900ರಲ್ಲಿ ರಾಜೀನಾಮೆ ಕೊಟ್ಟ; ಮರುವರ್ಷವೇ ಮತ್ತೆ ಆಯ್ಕೆಯಾಗಿ ಬಂದ! ಇಂಥ ಹಗರಣಗಳಿಂದ ಬೇಸತ್ತೇ ಈ ದೇಶ 1913ರಲ್ಲಿ ಸಂವಿಧಾನ ತಿದ್ದಿ, ಸೆನೆಟರುಗಳನ್ನು ಆರಿಸುವ ಹಕ್ಕನ್ನು ನೇರವಾಗಿ ಜನರ ಕೈಗೆ ಕೊಟ್ಟಿತು.

ಅದೇ ಮೊಂಟಾನಾದ ಬಿಗ್ ಸ್ಯಾಂಡಿ ಎಂಬ ಸಣ್ಣ ಊರಿನ ರೈತ ಜಾನ್ ಟೆಸ್ಟರ್. ಅಜ್ಜನ ಕಾಲದ ಜಮೀನು. ಗೋಧಿ, ಬಾರ್ಲಿ, ಮಸೂರ ಬೆಳೆಯುವ ಸಂಸಾರ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಮಾಂಸ ಅರೆಯುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಮೂರು ಬೆರಳು ಹೋದವು. ಮುಂದೆ ಶಾಲೆಯಲ್ಲಿ ಸಂಗೀತದ ಮೇಷ್ಟರಾದರು, ಆಮೇಲೆ ರಾಜ್ಯದ ಶಾಸಕರಾದರು. 2006ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ನಿಂತು, ಸ್ಥಾನದಲ್ಲಿದ್ದ ಕಾನ್ರಾಡ್ ಬರ್ನ್ಸ್ ಅವರನ್ನು ಬರೇ ಮೂರೂವರೆ ಸಾವಿರದಷ್ಟು ಮತಗಳಿಂದ ಸೋಲಿಸಿದರು. ಸೆನೆಟರಾದ ಮೇಲೂ ಬಿತ್ತನೆ, ಕೊಯ್ಲಿಗೆಂದು ಊರಿಗೆ ಹೋಗುವುದನ್ನು ಬಿಡಲಿಲ್ಲ.

2012ರಲ್ಲಿ ಅಧ್ಯಕ್ಷ ಒಬಾಮಾ ಆ ರಾಜ್ಯವನ್ನು ಶೇಕಡಾ 13ಕ್ಕೂ ಹೆಚ್ಚಿನ ಅಂತರದಲ್ಲಿ ಕಳೆದುಕೊಂಡರು. ಅದೇ ಪಕ್ಷದ ಟೆಸ್ಟರ್ ಗೆದ್ದರು. 2018ರಲ್ಲಿ ಅಧ್ಯಕ್ಷ ಟ್ರಂಪ್ ಅವರನ್ನು ಸೋಲಿಸಲೆಂದೇ ನಾಲ್ಕು ಬಾರಿ ಮೊಂಟಾನಾಕ್ಕೆ ಹೋಗಿ ಭಾಷಣ ಮಾಡಿದರು, ಆಗಲೂ ಗೆದ್ದರು. ಸೆನೆಟ್ಟಿನ ನಿವೃತ್ತ ಯೋಧರ ಸಮಿತಿಯ ಅಧ್ಯಕ್ಷರಾಗಿ, ಯುದ್ಧಭೂಮಿಯ ವಿಷದ ಹೊಗೆ ಕುಡಿದು ಕಾಯಿಲೆ ಬಿದ್ದ ಸೈನಿಕರಿಗೆ ಚಿಕಿತ್ಸೆ, ಪರಿಹಾರ ದೊರಕಿಸುವ ಕಾನೂನು 2022ರಲ್ಲಿ ಜಾರಿಗೆ ಬರುವಂತೆ ಶ್ರಮಿಸಿದರು.

2024ರಲ್ಲಿ ನಾಲ್ಕನೆಯ ಸಲ ನಿಂತರು. ಎದುರಾಳಿ ರಿಪಬ್ಲಿಕನ್ ಪಕ್ಷದ ಟಿಮ್ ಶೀಹಿ. ನೌಕಾಪಡೆಯ ಕಮಾಂಡೋ ಆಗಿದ್ದವರು, ವಿಮಾನದಿಂದ ಕಾಡ್ಗಿಚ್ಚು ನಂದಿಸುವ ಕಂಪನಿ ಕಟ್ಟಿದವರು. ಎರಡೂ ಕಡೆಯವರು ಸೇರಿ ಸುರಿದದ್ದು 20 ಕೋಟಿ ಡಾಲರಿಗೂ ಮಿಕ್ಕಿ. ಬಿದ್ದ ಮತಗಳು ಆರು ಲಕ್ಷದಷ್ಟು. ತಲೆಗೆ ಎಷ್ಟಾಯಿತೆಂದು ಲೆಕ್ಕ ಹಾಕಿಕೊಳ್ಳಿ! ಅಧ್ಯಕ್ಷ ಸ್ಥಾನದ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರಿಗೆ ಅಲ್ಲಿ ಶೇಕಡಾ 38ರಷ್ಟು ಮತ ಬಂದರೆ, ಟೆಸ್ಟರಿಗೆ 45ಕ್ಕೂ ಹೆಚ್ಚು ಬಂತು. ತಮ್ಮ ಹೆಸರಿನ ಬಲದಿಂದಲೇ ಅವರು ಪಕ್ಷಕ್ಕಿಂತ ಏಳು ಹೆಜ್ಜೆ ಮುಂದೆ ನಡೆದರು. ಆದರೆ ದಾಟಬೇಕಾಗಿದ್ದ ಹೊಳೆ ಅದಕ್ಕಿಂತ ಅಗಲವಾಗಿತ್ತು. ಸೋತರು.

ಮತದಾರರು ಕೃತಘ್ನರೆಂದು ಹೇಳಿಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವರಿಗೂ ಒಂದು ತರ್ಕವಿದೆ. ಸೆನೆಟ್ಟಿನಲ್ಲಿ ಬಹುಮತ ಒಂದೆರಡು ಸ್ಥಾನಗಳ ಮೇಲೆ ನಿಂತಿರುವಾಗ, ಮನುಷ್ಯ ಎಷ್ಟೇ ಒಳ್ಳೆಯವನಾದರೂ ಅವನನ್ನು ಆರಿಸಿದರೆ ತಮಗೆ ಬೇಡವಾದ ಪಕ್ಷದ ಕೈಗೆ ಸಭೆಯ ಚುಕ್ಕಾಣಿ ಹೋದೀತೆಂಬ ಅಂಜಿಕೆ. ಈ ತರ್ಕ ದೇಶದ ತುಂಬ ಹಬ್ಬಿದೆ. 1970ರ ದಶಕದ ಕೊನೆಗೆ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಒಬ್ಬ ಸೆನೆಟರ್ ಒಂದು ಪಕ್ಷ, ಇನ್ನೊಬ್ಬರು ಮತ್ತೊಂದು ಪಕ್ಷ. 2024ರ ಚುನಾವಣೆಯ ನಂತರ ಅಂಥವು ಉಳಿದದ್ದು ಬೆರಳೆಣಿಕೆಯಷ್ಟು. 2020ರಲ್ಲಿ ಮೇಯ್ನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಸೂಸನ್ ಕಾಲಿನ್ಸ್ ಮಾತ್ರ, ಎದುರು ಪಕ್ಷದ ಅಧ್ಯಕ್ಷರನ್ನು ಮೆಚ್ಚಿದ ಜನರಿಂದಲೇ ಗೆದ್ದು ಬಂದರು.

ಈ ವಿಷಯದಲ್ಲಿ ನಮ್ಮ ತಾಯ್ನಾಡಿನ ಮತದಾರ ಏನೂ ಕಡಿಮೆಯವನಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಚುನಾವಣೆಗೆ ಹೋದರು. ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟು ಕೂರಿಸಿದರು. ದಿಲ್ಲಿಯ ಲೆಕ್ಕ ಬೇರೆ, ಬೆಂಗಳೂರಿನ ಲೆಕ್ಕ ಬೇರೆ ಎಂದು ನಮ್ಮ ಹಳ್ಳಿಯ ರೈತ ಯಾವ ಪಾಠವೂ ಇಲ್ಲದೆ ತೂಗಿ ನೋಡಿದ್ದ.

ಹಾಗೆ ತೂಗುವ ಕೆಲಸ ಇಲ್ಲಿ ನಮಗೂ ಇದೆ. ಊರಿನಿಂದ ಬರಬೇಕಾದ ತಾಯಿತಂದೆಯರ ಕಾಗದಪತ್ರ ಸರ್ಕಾರಿ ಕಚೇರಿಯಲ್ಲಿ ಸಿಕ್ಕಿಕೊಂಡರೆ, ಪಾಸ್‌ಪೋರ್ಟ್ ತಡವಾದರೆ, ನಾವು ಬರೆದುಕೊಳ್ಳುವುದು ಅಧ್ಯಕ್ಷರಿಗಲ್ಲ. ನಮ್ಮ ಸೆನೆಟರರ, ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಗೆ. ಅರ್ಜಿ ಹಿಡಿದು ಬಂದವರ ಪಕ್ಷ ಯಾವುದೆಂದು ವಿಚಾರಿಸದೆ ಅಲ್ಲಿನ ಸಿಬ್ಬಂದಿ ಸಂಬಂಧಪಟ್ಟ ಇಲಾಖೆಗೆ ಬರೆದು ವಿಚಾರಿಸುತ್ತಾರೆ. ಯಾರ ಕಚೇರಿ ಇದನ್ನು ಶ್ರದ್ಧೆಯಿಂದ ಮಾಡುತ್ತದೆ, ಯಾರು ಊರಿಗೆ ಬಂದು ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಯಾವ ಮಸೂದೆಗೆ ಯಾರು ಕೈಯೆತ್ತಿದರು ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಸೆನೆಟ್ಟಿನಲ್ಲಿ ಹೆಸರು ಕರೆದು ಪಡೆಯುವ ಮತಗಳೆಲ್ಲ ಬಹಿರಂಗ ದಾಖಲೆ.

ಪಕ್ಷ ನೋಡಿಯೇ ಮತ ಹಾಕುವೆನೆಂದರೆ ಅದೂ ನಿಮ್ಮ ಹಕ್ಕೇ. ಆದರೆ ಮೊದಲ ಸಾಲಿಗೆ ಗುರುತು ಹಾಕಿದ ಕೈ ಅದೇ ಓಟದಲ್ಲಿ ಕೆಳಗಿನ ಸಾಲುಗಳಿಗೂ ಹರಿಯುವ ಮುನ್ನ ಒಂದು ನಿಮಿಷ ನಿಲ್ಲಲಿ. ಜನರಿಗೆ 1913ರಲ್ಲಿ ಬಂದ ಹಕ್ಕು ಆ ಒಂದು ನಿಮಿಷದಲ್ಲಿದೆ.